‘ಎಂದಾದರೂ’ ಎಂದು ಕೇಳಿದ್ದಾರೆ

ಹಿಂದೆ ನನ್ನ ಬಳಿ ಹಾರಾಟ ಕಲಿತಿದ್ದ ಯುವಕನೊಬ್ಬ ಕಳೆದ ತಿಂಗಳು ಫೋನ್ ಮಾಡಿದ್ದ. ವಿಮಾನಯಾನ ಸಂಸ್ಥೆಯೊಂದರ ಫಸ್ಟ್ ಆಫೀಸರ್ (ಸಹಪೈಲಟ್) ಹುದ್ದೆಗೆ ಅರ್ಜಿ ತುಂಬುತ್ತಿದ್ದ ಅವನ ಕೈ ಒಂದು ಪ್ರಶ್ನೆಯ ಮುಂದೆ ನಿಂತುಹೋಗಿತ್ತು. ‘ಸಂಚಾರ ನಿಯಮದ ಉಲ್ಲಂಘನೆಗಾಗಿ ನಿಮಗೆ ಎಂದಾದರೂ ದಂಡ ವಿಧಿಸಲಾಗಿದೆಯೇ?’ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅತಿವೇಗದ ಚಾಲನೆಗಾಗಿ ಅವನು ದಂಡ ಕಟ್ಟಿದ್ದ. ಅದಾಗಿ ಎಂಟು ವರ್ಷಗಳು ಕಳೆದಿದ್ದವು. “ಸರ್, ಇದನ್ನೂ ಬರೆಯಬೇಕೇ? ಹೇಗೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ” ಎಂದ. ಬರೆಯಬೇಕು ಎಂದು ತಕ್ಷಣವೇ ಹೇಳಿದೆ. ಆದರೆ ಅವನ ಎರಡನೆಯ ಮಾತು ಆ ದಿನವೆಲ್ಲ ನನ್ನ ಜೊತೆಗೇ ಇತ್ತು, ಏಕೆಂದರೆ ಅವನ ವಯಸ್ಸಿನಲ್ಲಿ ನಾನೂ ಅದನ್ನೇ ನಂಬಿ ಒಂದು ಅರ್ಜಿಗೆ ಸಹಿ ಹಾಕಿದ್ದೆ.

ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಚೆಕ್‌ರೈಡಿನಲ್ಲಿ, ಅಂದರೆ ಪರೀಕ್ಷಕರ ಮುಂದೆ ಹಾರಿ ತೋರಿಸುವ ಪರೀಕ್ಷೆಯಲ್ಲಿ, ನಾನು ಮೊದಲ ಸಲ ಅನುತ್ತೀರ್ಣನಾಗಿದ್ದೆ. ಚಿಕ್ಕ ರನ್‌ವೇ ಎಂದು ಭಾವಿಸಿ ಇಳಿಸಬೇಕಾದ ಲ್ಯಾಂಡಿಂಗಿನಲ್ಲಿ ಗುರುತಿಸಿದ ಜಾಗವನ್ನು ದಾಟಿ ಬಹಳ ಮುಂದೆ ಚಕ್ರ ಊರಿದ್ದೆ. ಎರಡು ತಾಸು ಹೆಚ್ಚಿನ ತರಬೇತಿ ಪಡೆದು, ಮರುವಾರವೇ ಅದೇ ಪರೀಕ್ಷಕರ ಮುಂದೆ ಅದನ್ನು ಸರಿಯಾಗಿ ಮಾಡಿ ತೋರಿಸಿ ಲೈಸೆನ್ಸ್ ಪಡೆದೆ. ಕೆಲವು ವರ್ಷಗಳ ನಂತರ ನನ್ನ ಮೊದಲ ವಿಮಾನಯಾನ ಸಂಸ್ಥೆಯ ಅರ್ಜಿಯಲ್ಲಿ ‘ಯಾವುದೇ ಹಾರಾಟ ಪರೀಕ್ಷೆಯಲ್ಲಿ ಎಂದಾದರೂ ಅನುತ್ತೀರ್ಣರಾಗಿದ್ದೀರಾ?’ ಎಂಬ ಪ್ರಶ್ನೆ ಬಂದಾಗ ‘ಇಲ್ಲ’ ಎಂದು ಗುರುತು ಹಾಕಿದೆ. ಆಗ ಅದು ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ. ಒಂದು ಲ್ಯಾಂಡಿಂಗ್ ಮಾತ್ರ ತಪ್ಪಿತ್ತು, ಉಳಿದುದೆಲ್ಲ ಸರಿಯಿತ್ತು, ಕೊನೆಗೆ ಉತ್ತೀರ್ಣನಾದೆನಲ್ಲ ಎಂದು ನನಗೆ ನಾನೇ ವಾದ ಹೂಡಿಕೊಂಡಿದ್ದೆ.

ಹನ್ನೊಂದು ದಿನ ಆ ಗುರುತು ನನ್ನನ್ನು ಕಾಡಿತು. ಹನ್ನೊಂದನೆಯ ದಿನ ಆ ಸಂಸ್ಥೆಯ ನೇಮಕಾತಿ ವಿಭಾಗಕ್ಕೆ ಪತ್ರ ಬರೆದು, ಇಂಥ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದೇನೆ, ಸರಿಯಾದ ಉತ್ತರ ಇದು ಎಂದು ತಿಳಿಸಿದೆ. ಸಂದರ್ಶನಕ್ಕೆ ಕರೆ ಬರಲಿಲ್ಲ. ಪತ್ರದ ಕಾರಣಕ್ಕೋ, ಹಾರಾಟದ ತಾಸುಗಳು ಕಡಿಮೆಯಿದ್ದ ಕಾರಣಕ್ಕೋ ಅವರು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಒಂದು ವರ್ಷದ ನಂತರ ಬೇರೊಂದು ಸಂಸ್ಥೆಗೆ ಅರ್ಜಿ ಹಾಕುವಾಗ ಮೊದಲೇ ‘ಹೌದು’ ಎಂದು ಬರೆದೆ. ಸಂದರ್ಶನದಲ್ಲಿ ಆ ಬಗ್ಗೆ ಕೇಳಿದ್ದು ಒಂದೇ ಮಾತು: “ಆ ಪರೀಕ್ಷೆಯ ನಂತರ ನಿಮ್ಮ ಅಪ್ರೋಚ್‌ನಲ್ಲಿ ಏನನ್ನು ಬದಲಿಸಿಕೊಂಡಿರಿ?” ರನ್‌ವೇ ಕಡೆಗೆ ಇಳಿದು ಬರುವಾಗ ವೇಗವನ್ನು ಎಷ್ಟು ಬೇಗ ಹಿಡಿತಕ್ಕೆ ತಂದುಕೊಳ್ಳುತ್ತೇನೆ, ಯಾವ ಹಂತದಲ್ಲಿ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ನಿರ್ಧರಿಸುತ್ತೇನೆ ಎಂದು ವಿವರಿಸಿದೆ. ಎರಡು ನಿಮಿಷವೂ ಆಗಲಿಲ್ಲ.

ಮುಂದೆ ನಾನೇ ಆಯ್ಕೆಯ ಮೇಜಿನ ಆಚೆ ಬದಿಯಲ್ಲಿ ಕುಳಿತಾಗ ಈ ಪ್ರಶ್ನೆಗಳು ಅಲ್ಲಿ ಏಕಿವೆ ಎಂಬುದು ಸ್ಪಷ್ಟವಾಯಿತು. ಹಳೆಯ ಅತಿವೇಗದ ದಂಡವೊಂದು, ಒಮ್ಮೆ ಸೋತು ಮತ್ತೆ ಗೆದ್ದ ಪರೀಕ್ಷೆಯೊಂದು, ತರಬೇತಿಯ ದಿನಗಳಲ್ಲಿ ಬಂದ ಎಚ್ಚರಿಕೆಯ ಪತ್ರವೊಂದು ಎದುರಿಗಿರುವ ಅಭ್ಯರ್ಥಿಯನ್ನು ತಿರಸ್ಕರಿಸಲು ಕಾರಣವಾದದ್ದನ್ನು ನಾನು ಕಂಡಿಲ್ಲ. ಮೂರು ವರ್ಷಗಳಲ್ಲಿ ಐದಾರು ಸಲ ದಂಡ ಕಟ್ಟಿದವರ ವಿಷಯ ಬೇರೆ. ಅಲ್ಲಿ ನಾವು ನೋಡುವುದು ಆ ಅಭ್ಯಾಸವನ್ನು. ಮದ್ಯಪಾನ ಮಾಡಿ ವಾಹನ ಓಡಿಸಿದ್ದಂತೂ ಸಣ್ಣ ತಪ್ಪುಗಳ ಸಾಲಿಗೇ ಸೇರುವುದಿಲ್ಲ. ಅಮೆರಿಕದ ನಿಯಮದಲ್ಲಿ ಅಂಥ ಪ್ರಕರಣವನ್ನು ಪೈಲಟ್ ತಾನಾಗಿಯೇ 60 ದಿನಗಳೊಳಗೆ ಅಲ್ಲಿನ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎಗೆ ಲಿಖಿತವಾಗಿ ತಿಳಿಸಬೇಕು, ತಿಳಿಸದಿರುವುದೇ ಲೈಸೆನ್ಸಿನ ಮೇಲೆ ಕ್ರಮ ಕೈಗೊಳ್ಳಲು ಸಾಕಾದ ಕಾರಣವಾಗುತ್ತದೆ. ಸಾಧಾರಣ ಅತಿವೇಗದ ದಂಡವನ್ನು ಆ ನಿಯಮ ಕೇಳುವುದಿಲ್ಲ. ಆದರೆ ನಿಯಂತ್ರಕರು ಕೇಳದ್ದನ್ನು ಉದ್ಯೋಗ ಕೊಡುವವರು ಕೇಳಬಹುದು, ಮತ್ತು ಕೇಳಿದಾಗ ಉತ್ತರ ಆ ಪ್ರಶ್ನೆಗೆ ಸಲ್ಲಬೇಕು.

ಅರ್ಜಿಯಲ್ಲಿ ಬಿಟ್ಟುಬಿಟ್ಟ ಮಾತುಗಳು ಎಲ್ಲಿಯವರೆಗೆ ಹೋಗಬಲ್ಲವು ಎಂಬುದಕ್ಕೆ ವಿಮಾನಯಾನದ ಇತಿಹಾಸದಲ್ಲಿ ಎರಡು ಕಹಿ ಉದಾಹರಣೆಗಳಿವೆ. 2009ರ ಫೆಬ್ರವರಿ 12ರ ರಾತ್ರಿ ಕೋಲ್ಗನ್ ಏರ್ ಸಂಸ್ಥೆಯ 3407ನೆಯ ಸಂಖ್ಯೆಯ ವಿಮಾನ ಬಫಲೋ ನಗರದ ಸಮೀಪ ಮನೆಯೊಂದರ ಮೇಲೆ ಬಿದ್ದು, ವಿಮಾನದಲ್ಲಿದ್ದ 49 ಮಂದಿಯೂ ನೆಲದ ಮೇಲಿದ್ದ ಒಬ್ಬರೂ ಸತ್ತರು. ಸ್ಟಾಲ್ (ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ) ಸಮೀಪಿಸುತ್ತಿದೆ ಎಂದು, ಪೈಲಟ್ ಕೈಯಲ್ಲಿ ಹಿಡಿಯುವ ಕಂಟ್ರೋಲ್ ಕಾಲಂ ನಡುಗಿ ಎಚ್ಚರಿಸಿದಾಗ ಕ್ಯಾಪ್ಟನ್ ಅದನ್ನು ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆ ಎಳೆದದ್ದು ಆ ಅಪಘಾತದ ಕಾರಣ. ಅರ್ಜಿಯ ಉತ್ತರ ವಿಮಾನವನ್ನು ಬೀಳಿಸಲಿಲ್ಲ. ಆದರೂ ತನಿಖೆಯಲ್ಲಿ ಹೊರಬಂದ ಸಂಗತಿಯೆಂದರೆ, ಕೆಲಸಕ್ಕೆ ಸೇರುವ ಮುನ್ನ ಒಂದಕ್ಕಿಂತ ಹೆಚ್ಚು ಹಾರಾಟ ಪರೀಕ್ಷೆಗಳಲ್ಲಿ ಅನುತ್ತೀರ್ಣರಾಗಿದ್ದ ಆ ಕ್ಯಾಪ್ಟನ್ ಅರ್ಜಿಯಲ್ಲಿ ಒಂದನ್ನು ಮಾತ್ರ ನಮೂದಿಸಿದ್ದರು. ಪೂರ್ಣ ವಿವರ ಗೊತ್ತಿದ್ದಿದ್ದರೆ ಅವರಿಗೆ ಯಾವ ಹೆಚ್ಚಿನ ತರಬೇತಿ ಬೇಕು ಎಂದು ಯಾರಾದರೂ ಯೋಚಿಸುತ್ತಿದ್ದರೇನೋ. 2019ರ ಫೆಬ್ರವರಿ 23ರಂದು ಹ್ಯೂಸ್ಟನ್ ಬಳಿಯ ಟ್ರಿನಿಟಿ ಕೊಲ್ಲಿಗೆ ಬಿದ್ದ ಅಟ್ಲಾಸ್ ಏರ್ 3591 ಸರಕು ವಿಮಾನದಲ್ಲಿ ಮೂವರು ಸತ್ತರು. ಅದರ ಫಸ್ಟ್ ಆಫೀಸರ್, ಹಿಂದೆ ತರಬೇತಿ ಮುಗಿಸಲಾಗದೆ ಬಿಟ್ಟುಬಂದಿದ್ದ ಸಂಸ್ಥೆಗಳ ಹೆಸರುಗಳನ್ನೇ ಅರ್ಜಿಯಲ್ಲಿ ಬರೆದಿರಲಿಲ್ಲ. ಬಿಟ್ಟುಬಿಟ್ಟ ಸಂಗತಿ ಸಣ್ಣದೋ ದೊಡ್ಡದೋ ಎಂದು ತೀರ್ಮಾನಿಸಿದವರು ಎರಡೂ ಕಡೆ ಅದನ್ನು ಬರೆಯಬೇಕಾಗಿದ್ದವರೇ ಆಗಿದ್ದರು ಎಂಬುದು ನನ್ನ ಮನಸ್ಸಿನಿಂದ ಇಳಿಯುವುದಿಲ್ಲ. ನನ್ನ ಹನ್ನೊಂದು ದಿನಗಳಲ್ಲಿ ನಾನು ಮಾಡಿದ್ದೂ ಅದನ್ನೇ.

ಕೋಲ್ಗನ್ ದುರಂತದ ನಂತರ 2010ರಲ್ಲಿ ಅಮೆರಿಕದ ಸಂಸತ್ತು ಪೈಲಟ್‌ಗಳ ದಾಖಲೆಗಳನ್ನು ಒಂದೇ ಕಡೆ ಸೇರಿಸಬೇಕೆಂದು ಕಾನೂನು ಮಾಡಿತು. ಅದರ ನಿಯಮಾವಳಿ ಹೊರಬಂದದ್ದು 2021ರಲ್ಲಿ. ಪರೀಕ್ಷೆಗಳ ಫಲಿತಾಂಶ, ಹಿಂದಿನ ಸಂಸ್ಥೆಗಳ ತರಬೇತಿಯ ದಾಖಲೆ, ಶಿಸ್ತಿನ ಕ್ರಮ ಇವೆಲ್ಲ ಈಗ ಅಲ್ಲಿನ ಪೈಲಟ್‌ನ ಜೀವಮಾನವಿಡೀ ಉಳಿಯುತ್ತವೆ. ಹಿಂದೆ ಕೆಲವು ದಾಖಲೆಗಳನ್ನು ಐದು ವರ್ಷಗಳ ನಂತರ ಅಳಿಸುವ ಪದ್ಧತಿಯಿತ್ತು. ಅದೂ ಈಗ ನಿಂತಿದೆ. ಆದರೆ ‘ಸಿಕ್ಕಿಬೀಳುತ್ತೀಯ, ಆದ್ದರಿಂದ ಬರೆ’ ಎಂದು ಆ ಯುವಕನಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಅವನ ಎಂಟು ವರ್ಷ ಹಳೆಯ ದಂಡ ನಿಜಕ್ಕೂ ಯಾವ ದಾಖಲೆಯಲ್ಲಿಯೂ ಉಳಿದಿರಲಾರದು. ಅವನಿಗೆ ನಾನು ಹೇಳಿದ್ದು ಬೇರೊಂದು ಘಟನೆ.

ಒಮ್ಮೆ ಗಾಳಿ ಜೋರಾಗಿದ್ದ ದಿನ ಇಳಿಯುವ ಸಿದ್ಧತೆಯಲ್ಲಿದ್ದಾಗ, ರೆಕ್ಕೆಯ ಹಿಂಬದಿಯ ಚಲಿಸುವ ಭಾಗಗಳಾದ ಫ್ಲಾಪ್‌ಗಳನ್ನು ಆ ಸ್ಥಿತಿಗೆ ಇಳಿಸಿ ಹಾರಬಹುದಾದ ಗರಿಷ್ಠ ವೇಗವನ್ನು ವಿಮಾನ ಒಂದು ಕ್ಷಣ ನಾಲ್ಕು ನಾಟ್‌ನಷ್ಟು ಮೀರಿತು. ಎಚ್ಚರಿಕೆಯ ಸದ್ದು ಬಂದದ್ದೇ ನಿಂತಿತು. ಹಾರಿಸುತ್ತಿದ್ದವನು ಹೊಸ ಫಸ್ಟ್ ಆಫೀಸರ್; ನಾನು ಆಗ ರೇಡಿಯೋದಲ್ಲಿ ಮಾತನಾಡುತ್ತಿದ್ದೆ, ಅಂಕಿ ನೋಡಿರಲಿಲ್ಲ. ಇಳಿದು ಎಂಜಿನ್ ನಿಲ್ಲಿಸಿದ ಮೇಲೆ ಅವನು, “ಕ್ಯಾಪ್ಟನ್, ನಾಲ್ಕು ನಾಟ್ ಮೀರಿತ್ತು, ಟೆಕ್ ಲಾಗ್‌ನಲ್ಲಿ ಬರೆಯಬೇಕು” ಎಂದ. ವಿಮಾನದ ದೋಷಗಳನ್ನು ದಾಖಲಿಸುವ ಆ ಪುಸ್ತಕದಲ್ಲಿ ಬರೆದರೆ ಎಂಜಿನಿಯರ್ ಬಂದು ಫ್ಲಾಪ್‌ಗಳನ್ನೂ ಅವುಗಳ ಹಳಿಗಳನ್ನೂ ಪರೀಕ್ಷಿಸಬೇಕು, ಮುಂದಿನ ಹಾರಾಟ ತಡವಾಗುತ್ತದೆ, ತಡವಾದದ್ದಕ್ಕೆ ಕಾರಣವಾಗಿ ಅವನ ಹೆಸರು ವರದಿಗೆ ಸೇರುತ್ತದೆ. ಇದೆಲ್ಲ ಅವನಿಗೆ ಗೊತ್ತಿತ್ತು. ಬರೆದೆವು, ಪರೀಕ್ಷೆಯಾಯಿತು, ಏನೂ ಹಾನಿಯಾಗಿರಲಿಲ್ಲ, ಐವತ್ತು ನಿಮಿಷ ತಡವಾಗಿ ಹೊರಟೆವು. ಹಾರಾಟದ ದತ್ತಾಂಶದಲ್ಲಿ ಆ ಮೀರಿಕೆ ಎಂದೋ ಒಂದು ದಿನ ಸಿಕ್ಕಿಯೇ ಸಿಗುತ್ತಿತ್ತು. ಆದರೆ ಅಷ್ಟರಲ್ಲಿ ಅದೇ ವಿಮಾನವನ್ನು ಇನ್ನೆಷ್ಟೋ ಮಂದಿ, ನಮ್ಮ ಮೌನವನ್ನು ನಂಬಿ, ಹಾರಿಸಿರುತ್ತಿದ್ದರು.

ಅರ್ಜಿಯ ಪ್ರಶ್ನೆ ಕೇಳುವುದು ಅದನ್ನೇ. ತನಗೆ ಅನನುಕೂಲವಾದ, ತನ್ನ ಹೊರತು ಇನ್ನಾರಿಗೂ ಕಾಣದ ಒಂದು ಅಂಕಿಯನ್ನು ಈ ವ್ಯಕ್ತಿ ತಾನಾಗಿಯೇ ಹೇಳುತ್ತಾನೆಯೇ ಎಂದು ತಿಳಿಯಲು ಸಂದರ್ಶಕರ ಬಳಿ ಬೇರೆ ಉಪಾಯ ಕಡಿಮೆ. ಸಿಮ್ಯುಲೇಟರ್‌ನಲ್ಲಿ ಕೈಚಳಕ ಕಾಣುತ್ತದೆ, ಇದು ಕಾಣುವುದಿಲ್ಲ.

ಹೀಗೆಂದ ಮಾತ್ರಕ್ಕೆ ಕೇಳದ್ದನ್ನೆಲ್ಲ ಹರಡಿ ಕೂರಬೇಕಿಲ್ಲ. ಪ್ರಶ್ನೆಯನ್ನು ಪದ ಪದವಾಗಿ ಓದಬೇಕು ಎಂದು ನಾನು ಪದೇ ಪದೇ ಹೇಳುತ್ತೇನೆ. ‘ಕಳೆದ ಐದು ವರ್ಷಗಳಲ್ಲಿ’ ಎಂದು ಕೇಳಿದ್ದರೆ ಎಂಟು ವರ್ಷ ಹಿಂದಿನದನ್ನು ಬರೆಯದಿರುವುದು ಪ್ರಾಮಾಣಿಕ ಉತ್ತರವೇ. ‘ಅಪರಾಧಿ ಎಂದು ತೀರ್ಪಾಗಿದೆಯೇ’ ಎಂಬುದು ಒಂದು, ‘ಆರೋಪ ಹೊರಿಸಲಾಗಿದೆಯೇ’ ಎಂಬುದು ಇನ್ನೊಂದು. ನ್ಯಾಯಾಲಯ ಅಳಿಸಿಹಾಕಿದ ಪ್ರಕರಣವನ್ನು ಹೇಳಬೇಕೋ ಬೇಡವೋ ಎಂಬ ಅನುಮಾನವಿದ್ದರೆ ವಕೀಲರನ್ನು ಕೇಳಬೇಕು, ಗೆಳೆಯರನ್ನಲ್ಲ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ಸುರಕ್ಷತಾ ವರದಿಯ ವ್ಯವಸ್ಥೆಗೆ, ಉದ್ದೇಶಪೂರ್ವಕವಲ್ಲದ ತಪ್ಪನ್ನು 10 ದಿನಗಳೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡನೆಯಿಂದ ವಿನಾಯಿತಿಯಿದೆ. ಆದರೆ ಉಲ್ಲಂಘನೆ ನಡೆದಿದೆ ಎಂಬ ತೀರ್ಮಾನ ಬಂದಿದ್ದರೆ ಅದು ಅದರಿಂದ ಅಳಿಯುವುದಿಲ್ಲ. ‘ಎಂದಾದರೂ’ ಎಂದು ಕೇಳಿದ್ದರೆ ಮಾತ್ರ ಎಂದಾದರೂ ಎಂದೇ ಅರ್ಥ.

ಆ ಯುವಕ ಮರುದಿನ ತನ್ನ ವಿವರಣೆಯ ಕರಡನ್ನು ಕಳುಹಿಸಿದ. ಒಂದೂವರೆ ಪುಟವಿತ್ತು. ರಸ್ತೆ ಖಾಲಿಯಿತ್ತು, ಗೆಳೆಯನನ್ನು ನಿಲ್ದಾಣಕ್ಕೆ ಬಿಡುವ ಅವಸರವಿತ್ತು, ಅಲ್ಲಿನ ಫಲಕ ಮರದ ಮರೆಯಲ್ಲಿತ್ತು ಎಂದೆಲ್ಲ ಬರೆದಿದ್ದ. ಇವೆಲ್ಲ ನಿಜವೇ ಇರಬಹುದು, ಆದರೆ ಒಂದೊಂದೂ ತಪ್ಪನ್ನು ನಿನ್ನಿಂದ ದೂರಕ್ಕೆ ಸರಿಸುತ್ತಿದೆ, ತೆಗೆದುಬಿಡು ಎಂದು ಹೇಳಿದೆ. ಬೇಸರಪಟ್ಟುಕೊಂಡೇ ತೆಗೆದ. ಕೊನೆಗೆ ಉಳಿದದ್ದು ನಾಲ್ಕು ವಾಕ್ಯಗಳು: ಯಾವ ತಿಂಗಳು, ಮಿತಿ ಎಷ್ಟು ಮತ್ತು ತಾನು ಹೋಗುತ್ತಿದ್ದ ವೇಗ ಎಷ್ಟು, ದಂಡವನ್ನು ಎಂದು ಕಟ್ಟಿದೆ, ಆ ನಂತರ ಬೇರೆ ಯಾವ ಪ್ರಕರಣವೂ ಇಲ್ಲ. ನಾನು ಓದಿ ಸರಿಯಿದೆ ಎಂದೆ. ಅವನು ಅದನ್ನು ಅರ್ಜಿಗೆ ಸೇರಿಸಿ ಕಳುಹಿಸಿದ್ದಾನೆ; ಸಂದರ್ಶನದ ದಿನಾಂಕಕ್ಕಾಗಿ ಇಬ್ಬರೂ ಕಾಯುತ್ತಿದ್ದೇವೆ.