ಮಳೆಗಾಲ, ತಾಳಮದ್ದಲೆ ಮತ್ತು ನಡುವಿನ ಸ್ಪೀಕರ್

ಭಾನುವಾರ, ಜುಲೈ 14, 2024
ಉಡುಪಿ

ಅಪ್ಪಯ್ಯನಿಗೆ ಇವತ್ತು ತಾಳಮದ್ದಲೆಯ (ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ) ಮಾತು ಸರಿಯಾಗಿ ಕೇಳಿಸಿತು. ಕೃಷ್ಣ, ಭೀಷ್ಮ ಮಾತಿಗೆ ಮಾತು ಕೊಡುವ ಹಳೆಯ ರೆಕಾರ್ಡಿಂಗ್ ಒಂದನ್ನು ಟಿವಿಯಲ್ಲಿ ಹಾಕಿದ್ದೆವು. ಒಂದು ಸಲವೂ "ಎಂತ ಹೇಳಿದ್ರು?" ಅಂತ ಕೇಳಲಿಲ್ಲ. ಅದಕ್ಕೇ ಇಷ್ಟು ಖುಷಿಯಿಂದ ಬರೆಯಲು ಕೂತಿದ್ದೇನೆ.

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಆಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲದಲ್ಲಿ ತಾಳಮದ್ದಲೆ ಅಲ್ಲಲ್ಲಿ ನಡೆಯುತ್ತದೆ, ಆದರೆ ಈ ಮಳೆಗೆ ಅಪ್ಪಯ್ಯನನ್ನು ಹೊರಗೆ ಕರೆದುಕೊಂಡು ಹೋಗುವುದು ಕಷ್ಟ. ಹಾಗಾಗಿ ಮನೆಯಲ್ಲೇ ಕೇಳಬೇಕು. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಮಾತು ಕೇಳಿಸದಿದ್ದರೆ ಉಳಿಯುವುದಾದರೂ ಎಂತ?

ನಮ್ಮದು ಹಂಚಿನ ಮನೆ. ಜಗಲಿಗೆ ತಾಗಿದ ಹಾಲ್‌ಗೆ ಸೀಲಿಂಗ್ ಇಲ್ಲ, ತಲೆ ಎತ್ತಿದರೆ ನೇರ ಹಂಚು. ಜೋರು ಮಳೆ ಬಂದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಈಗಿನ ತೆಳು ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ, ಅದರಿಂದ ಈ ಮಳೆ ಎದುರು ಏನೂ ಆಗುವುದಿಲ್ಲ. ನಾವು 2011ರಲ್ಲಿ ಕೊಂಡ ಹೋಮ್ ಥಿಯೇಟರ್ ಸೆಟ್ ಇದೆ. ಡಿವಿಡಿ ಪ್ಲೇಯರ್, ಆಂಪ್ಲಿಫೈಯರ್ ಎಲ್ಲ ಒಂದೇ ಡಬ್ಬದಲ್ಲಿ, ಜೊತೆಗೆ ಐದು ಸಣ್ಣ ಸ್ಪೀಕರ್, ಕೆಳಸ್ವರಕ್ಕೆಂದೇ ಒಂದು ಸಬ್‌ವೂಫರ್. ಅದನ್ನೇ ಟಿವಿಗೆ ಜೋಡಿಸಿದ್ದೆವು. ಸದ್ದು ಬೇಕಾದಷ್ಟು ಬರುತ್ತಿತ್ತು. ಆದರೆ ಅಪ್ಪಯ್ಯ ಹೇಳುವುದು ಒಂದೇ: "ಮಾತ್ ಕೇಂತಿಲ್ಲೆ ಮಗಾ, ಬರೀ ಗುಂಯ್ ಅಂಬ್ದೇ ಕೇಂಬುದ್."

ಅವರು ಹೇಳಿದ್ದು ಪೂರ್ತಿ ಸರಿ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಅ, ಆ, ಓ ಎಲ್ಲ ಕೆಳಗಿನ ಕಂಪನದಲ್ಲಿ ಇರುತ್ತವೆ, ಚೆನ್ನಾಗಿಯೇ ಕೇಳಿಸುತ್ತವೆ. ಸ, ಶ, ತ, ಕ ಇವುಗಳ ಗುರುತು ಇರುವುದು ಮೇಲೆ. ಅವು ಹೋದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಅವುಗಳನ್ನೇ ಮುಚ್ಚಿಬಿಡುತ್ತದೆ. ಅಂಥ ಹೊತ್ತಿಗೆ ವಾಲ್ಯೂಮ್ ಏರಿಸಿದರೆ ಸಬ್‌ವೂಫರ್ ಗುಡುಗುತ್ತದೆ, ಮಾತು ಇನ್ನಷ್ಟು ಮುಳುಗುತ್ತದೆ.

ಇವತ್ತು ಮಂಗಳೂರಿನ ಕದ್ರಿಯಿಂದ ಭಾವ ಬಂದಿದ್ದರು. ಅವರಿಗೆ ಇಂಥ ಕೆಲಸ ಅಂದರೆ ಬಲು ಪ್ರೀತಿ. ಊಟ ಮುಗಿಸಿ ರಿಮೋಟ್ ಹಿಡಿದು ಕೂತರು. ಟಿವಿ ಕೆಳಗಿನ ನಡುವಿನ ಸ್ಪೀಕರ್‌ಗೆ ಕಿವಿ ಇಟ್ಟು, "ಇದು ಮಾತಾಡ್ತಾನೇ ಇಲ್ವಲ್ಲ ಮಾರಾಯ್ತಿ!" ಅಂದರು.

ಕಾರಣ ಇಷ್ಟೇ. ತಾಳಮದ್ದಲೆಯ ರೆಕಾರ್ಡಿಂಗ್ ಸ್ಟೀರಿಯೋ, ಎರಡೇ ಚಾನೆಲ್, ಎಡಕ್ಕೊಂದು ಬಲಕ್ಕೊಂದು ಸದ್ದು. ಐದು ಸ್ಪೀಕರ್ ಇದ್ದರೂ ಸೆಟ್ ಸ್ಟೀರಿಯೋ ಮೋಡ್‌ನಲ್ಲಿದ್ದರೆ ಎಡ, ಬಲ ಮತ್ತು ಸಬ್‌ವೂಫರ್ ಮಾತ್ರ ಕೆಲಸ ಮಾಡುತ್ತವೆ. ಸಿನಿಮಾದಲ್ಲಿ ಸಂಭಾಷಣೆ ಬರುವುದೇ ನಡುವಿನ ಸ್ಪೀಕರ್‌ನಿಂದ, ನಮ್ಮಲ್ಲಿ ಅದು ಸುಮ್ನೆ ಕೂತಿತ್ತು. ರಿಮೋಟ್‌ನಲ್ಲಿ ಡಾಲ್ಬಿ ಪ್ರೊ ಲಾಜಿಕ್ ಟೂ ಅಂತ ಒಂದು ಆಯ್ಕೆ ಇದೆ. 2000ದಲ್ಲಿ ಬಂದ ತಂತ್ರ ಅದು. ಎರಡೂ ಚಾನೆಲ್‌ನಲ್ಲಿ ಒಂದೇ ಥರ ಇರುವ ಸದ್ದನ್ನು ಹುಡುಕಿ ನಡುವಿಗೆ ಕಳಿಸುತ್ತದೆ. ಅರ್ಥಧಾರಿಯ (ಪಾತ್ರದ ಮಾತು ಆಡುವವರ) ಮೈಕ್ ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಇರುತ್ತದಲ್ವಾ, ಹಾಗಾಗಿ ಮಾತು ನಡುವಿಗೆ ಬಂತು. ಚೆಂಡೆಯೂ ಸ್ವಲ್ಪ ಜೊತೆಗೆ ಬರುತ್ತದೆ, ಇರಲಿ.

ಆಮೇಲೆ ನಡುವಿನ ಸ್ಪೀಕರ್‌ನ ಲೆವೆಲ್ ಮೂರು ಡೆಸಿಬೆಲ್ ಏರಿಸಿದೆವು, ಸಬ್‌ವೂಫರ್‌ನದು ಇಳಿಸಿದೆವು. ಸಬ್‌ವೂಫರ್ ಗೋಡೆಯ ಮೂಲೆಯಲ್ಲಿತ್ತು. ಮೂಲೆಯಲ್ಲಿಟ್ಟರೆ ಕೆಳಸ್ವರ ತಾನಾಗಿ ಜಾಸ್ತಿ ಆಗುತ್ತದೆ, ಅಲ್ಲಿಂದ ಹೊರಗೆ ಎಳೆದೆವು. ಮುರಕಲ್ಲಿನ ಗೋಡೆಗೆ ಗಟ್ಟಿ ಸಾರಣೆ, ಕೆಳಗೆ ರೆಡ್ ಆಕ್ಸೈಡ್ ನೆಲ, ಸದ್ದು ಹೊಡೆದು ವಾಪಸು ಬರುವುದೂ ಜೋರು. ನೆಲಕ್ಕೆ ದಪ್ಪ ಜಮಖಾನ ಹಾಸಿ, ಕಿಟಕಿಯ ಪರದೆ ಎಳೆದ ಮೇಲೆ ಮಾತಿನ ಅಂಚು ಎದ್ದು ಬಂತು. ಅಪ್ಪಯ್ಯ ಕುರ್ಚಿಯಿಂದ ಏಳದೆ ಕೈ ಎತ್ತಿ, ಸಾಕು ಅಂದರು. ಆ ಕೈ ನೋಡಿ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಹಿಂದಿನ ಸ್ಪೀಕರ್‌ಗಳನ್ನೂ ಸರಿಸಿದೆವು. ತುಂಬಾ ಮನೆಗಳಲ್ಲಿ ಅವನ್ನು ಬೆನ್ನ ಹಿಂದೆ ಇಡುತ್ತಾರೆ. ಇರಬೇಕಾದ ಜಾಗ ಕಿವಿಯ ಪಕ್ಕದಿಂದ ಸ್ವಲ್ಪ ಹಿಂದೆ, ಎದುರಿನ ನೇರ ಗೆರೆಯಿಂದ ಸುಮಾರು 110 ಡಿಗ್ರಿ. ಎದುರಿನ ಎರಡು 30 ಡಿಗ್ರಿ ಆಚೀಚೆ. ನಮ್ಮ ಹಾಲ್‌ನಲ್ಲಿ ಬಾಗಿಲು ಬಿಟ್ಟು ಒಂದು ಕಡೆ ಮಾತ್ರ ಅಷ್ಟು ಸರಿಯಾಗಿ ಕೂತಿತು.

ಭಾವನವರ ಮನೆಯಲ್ಲಿರುವುದು ಹೊಸ ಸೆಟ್, ಸೌಂಡ್‌ಬಾರ್ ಜೊತೆ ವೈರ್ ಇಲ್ಲದ ಸಬ್‌ವೂಫರ್. ಒಂದೇ ಎಚ್‌ಡಿಎಂಐ ಕೇಬಲ್, ಎಆರ್‌ಸಿ ಅಂತ ಬರೆದಿರುವ ಕಿಂಡಿಗೆ ಚುಚ್ಚಿದರೆ ಟಿವಿಯ ಸದ್ದು ಅದರಲ್ಲೇ ವಾಪಸು ಹೋಗುತ್ತದೆ, ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಕೂಡ ಆಗುತ್ತದೆ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ, ಆದರೆ ನಮ್ಮ ಸೆಟ್‌ನಲ್ಲಿ ಇಲ್ಲ, ಆಪ್ಟಿಕಲ್ ಕೇಬಲ್ ಮಾತ್ರ. ಅದರಲ್ಲಿ ಒಂದು ವಿಷಯ ನೆನಪಿಡಬೇಕು. ಟಿವಿಯ ಆಡಿಯೋ ಸೆಟ್ಟಿಂಗ್ ಪಿಸಿಎಂ ಅಂತ ಇದ್ದರೆ ಆಪ್ಟಿಕಲ್‌ನಲ್ಲಿ ಎರಡೇ ಚಾನೆಲ್ ಹೋಗುತ್ತದೆ. ಸಿನಿಮಾದ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಬೇಕಾದರೆ ಡಾಲ್ಬಿ ಡಿಜಿಟಲ್ ಆಯ್ಕೆ ಮಾಡಬೇಕು. ಭಾವ ಇರುವುದು ಫ್ಲಾಟ್‌ನಲ್ಲಿ. ಕೆಳಗಿನ ಮನೆಯವರು ಸಬ್‌ವೂಫರ್ ಬಗ್ಗೆ ದೂರು ಹೇಳಿದ ಮೇಲೆ ಅಡಿಗೆ ದಪ್ಪ ರಬ್ಬರ್ ಇಟ್ಟಿದ್ದಾರೆ. ಅವರದು 2.1, ನಡುವಿನ ಸ್ಪೀಕರ್ ಇಲ್ಲ. ಮನೆಯಲ್ಲಿ ಹಿರಿಯರಿದ್ದರೆ ಕೊಳ್ಳುವಾಗ 3.1 ಅಥವಾ 5.1 ಇದೆಯಾ ಅಂತ ಕೇಳಿ. ನಾನಾದರೆ ವ್ಯಾಟ್‌ಗಿಂತ ಮೊದಲು ಅದನ್ನೇ ಕೇಳುತ್ತೇನೆ. ಡಬ್ಬದ ಮೇಲಿನ ದೊಡ್ಡ ವ್ಯಾಟ್ ಸಂಖ್ಯೆಯನ್ನು ಎಷ್ಟೋ ಸಲ ಸದ್ದು ಶೇಕಡಾ 10ರಷ್ಟು ಕೆಟ್ಟು ಹೋಗುವ ಮಟ್ಟದಲ್ಲಿ ಅಳೆದಿರುತ್ತಾರೆ. ನಿಜವಾಗಿ ವ್ಯಾಟ್ ದುಪ್ಪಟ್ಟು ಇದ್ದರೂ ಏರುವುದು ಮೂರು ಡೆಸಿಬೆಲ್ ಅಷ್ಟೇ.

ಎಲ್ಲ ಒಂದರಲ್ಲೇ ಇರುವ ಸೆಟ್‌ನ ನಿಜವಾದ ತೊಂದರೆ ಅದರ ರಿಪೇರಿ. ನಮ್ಮದರಲ್ಲಿ ಮೊದಲು ಹೋದದ್ದು ಡಿಸ್ಕ್ ಭಾಗ. ಲೆನ್ಸ್ ಬದಲಿಸಿದೆವು, ಆಮೇಲೆ ಡಿಸ್ಕ್ ಒಳಗೆಳೆಯುವ ಲೋಡರ್ ಹೋಯಿತು. ರಿಪೇರಿ ಅಂಗಡಿಯವರು, "ಅದರ ಪಾರ್ಟ್ ಈಗ ಎಲ್ಲಿಯೂ ಸಿಗುದಿಲ್ಲ ಮೇಡಂ, ಆದ್ರೆ ಆಂಪ್ಲಿಫೈಯರ್ ಸಮ ಉಂಟು, ಬಿಸಾಡ್ಬೇಡಿ" ಅಂದರು. ಎಷ್ಟು ಒಳ್ಳೆಯ ಸಲಹೆ! ಡಿಸ್ಕ್ ಓದದಿದ್ದರೂ ಟಿವಿಯಿಂದ ಸದ್ದು ಕೊಟ್ಟರೆ ಉಳಿದದ್ದೆಲ್ಲ ಹಾಡುತ್ತದೆ. ಪಕ್ಕದ ಮನೆಯವರು ಇಂಥದ್ದೇ ಸೆಟ್ಟನ್ನು ಗುಜರಿಗೆ ಕೊಟ್ಟುಬಿಟ್ಟರು. ಒಳಗಿನ ಆಂಪ್ಲಿಫೈಯರ್ ಚೆನ್ನಾಗಿತ್ತೋ ಏನೋ, ಯಾರೂ ನೋಡಲಿಲ್ಲ. ಒಂದು ಮಾತು: ಈ ಸೆಟ್‌ಗಳ ಸ್ಪೀಕರ್ ಹಾಳಾದರೆ ಸಿಕ್ಕಿದ ಬೇರೆ ಸ್ಪೀಕರ್ ಹಾಕಬೇಡಿ. ಎಷ್ಟೋ ಸೆಟ್‌ಗಳ ಸ್ಪೀಕರ್ ಮೂರು ಓಮ್‌ನದು (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಪಿನ್ ಕೂಡ ಆ ಕಂಪನಿಯದೇ. ಹಿಂದೆ ಬರೆದಿರುವುದನ್ನು ಓದಿಯೇ ತರಬೇಕು.

ಕಡಲ ಗಾಳಿಗೆ ವೈರ್ ತುದಿಯ ತಾಮ್ರ ಹಸಿರಾಗುತ್ತದೆ. ಬಲಗಡೆ ಹಿಂದಿನ ಸ್ಪೀಕರ್ ಕರಕರ ಅನ್ನುತ್ತಿದ್ದದ್ದು ಅದಕ್ಕೇ. ತುದಿ ಕತ್ತರಿಸಿ, ಹೊಸದಾಗಿ ಸಿಪ್ಪೆ ಬಿಡಿಸಿ ಹಾಕಿದ ಮೇಲೆ ಸರಿಯಾಯಿತು. ಮಳೆಗಾಲದಲ್ಲಿ ಸೆಟ್ಟನ್ನು ದಿನಾ ಸ್ವಲ್ಪ ಹೊತ್ತು ಆನ್ ಮಾಡಿಡುವುದು ಒಳ್ಳೆಯದು, ಆ ಬಿಸಿಗೆ ಒಳಗಿನ ತೇವ ಆರುತ್ತದೆ. ಸಿಡಿಲಿನ ದಿನ ಮಾತ್ರ ಪ್ಲಗ್ ಕೀಳಲೇಬೇಕು, ಡಿಶ್‌ನ ವೈರನ್ನೂ. ಸ್ವಿಚ್ ಆಫ್ ಮಾಡಿದರೆ ಸಾಲದು.

ರಾತ್ರಿಗೆ ಅಪ್ಪಯ್ಯ ಇನ್ನೊಂದು ಪ್ರಸಂಗ ಕೇಳಬೇಕು ಅಂದಿದ್ದಾರೆ, ಈ ಸಲ ಚೆಂಡೆ ಜೋರಾಗಿರುವ ಆಟವೇ ಆಗಬೇಕಂತೆ. ಚೆಂಡೆ ಅಷ್ಟು ಜೋರಿದ್ದರೆ ನಡುವಿನ ಲೆವೆಲ್ ಎಷ್ಟಿರಬೇಕು ಅಂತ ಇನ್ನೊಮ್ಮೆ ನೋಡಬೇಕು. ಭಾವ ಉಳಿಯುತ್ತಿದ್ದಾರೆ, ರಿಮೋಟ್ ಅವರ ಕೈಯಲ್ಲೇ ಇದೆ.