ನಿಧಿ ತೋರಿಸುವ ದೆವ್ವದ ಬಗ್ಗೆ, ಕೊನೇ ಸಲ

ಇಲ್ಲ, ತೋರಿಸಲ್ಲ.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಉಳಿದವರಿಗೆ ಪ್ರಶ್ನೆ ಏನು ಅಂತ ಹೇಳಿಬಿಡುತ್ತೇನೆ. ಹಳೆಯ ಯುರೋಪಿನ ಮಂತ್ರವಾದದ ಪುಸ್ತಕಗಳನ್ನು ನಾನು ಹನ್ನೆರಡು ವರ್ಷದಿಂದ ಓದುತ್ತಿದ್ದೇನೆ. ಅವುಗಳಿಗೆ ಗ್ರಿಮ್ವಾರ್ ಅಂತ ಹೆಸರು. ಒಮ್ಮೆ ನೆಂಟರ ಮನೆ ಊಟದಲ್ಲಿ, ಆ ಪುಸ್ತಕಗಳಲ್ಲಿ ಬರುವ ಒಂದು ದೆವ್ವದ ವಿಷಯ ಹೇಳಿದೆ. ರೆಕ್ಕೆಯ ಕುದುರೆ ಮೇಲೆ ಬರುತ್ತಾನೆ, ರೆಪ್ಪೆ ಬಡಿಯುವಷ್ಟರಲ್ಲಿ ಭೂಮಿ ಸುತ್ತುತ್ತಾನೆ, ಬಚ್ಚಿಟ್ಟ ನಿಧಿ ಎಲ್ಲಿದೆ ಅಂತ ಹೇಳುತ್ತಾನೆ ಅಂದೆ. ಅಂದಿನಿಂದ ನೆಂಟರು, ಆಫೀಸಿನವರು, ಅವರ ಭಾವಮೈದುನರು ಎಲ್ಲರದ್ದೂ ಒಂದೇ ಮಾತು. "ಆ ದೆವ್ವ ನಿಜವಾಗ್ಲೂ ನಿಧಿ ತೋರ್ಸುತ್ತಾ?"

ಹೆಸರಿನಿಂದಲೇ ತೊಂದರೆ ಶುರು. ಇಂಗ್ಲಿಷಿನ ಅಕ್ಷರ ನೋಡಿಕೊಂಡು ಕನ್ನಡದಲ್ಲಿ ಬರೆದರೆ ಅದು 'ಸೀರೆ' ಆಗುತ್ತದೆ. ಹೆಸರು ಹೇಳಿದ ತಕ್ಷಣ ಒಂದು ನಗು. ಆಮೇಲೆ ಕಾಂಚೀಪುರಂ ಸೀರೆಯೋ ಇಳಕಲ್ ಸೀರೆಯೋ ಅಂತ ಒಂದು ಪ್ರಶ್ನೆ. ಅದಕ್ಕೇ ನಾನು ಸೀರ್ ಅಂತ ಬರೆಯುತ್ತೇನೆ.

ಸೀರ್ ಬರುವುದು 'ಸೊಲೊಮನ್ನನ ಕಿರಿಯ ಕೀಲಿಕೈ' ಅನ್ನುವ ಪುಸ್ತಕದಲ್ಲಿ. 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಸೇರಿಸಿ ಬರೆದದ್ದು. ಹಸ್ತಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದರ ಮೊದಲ ಭಾಗ ಗೊಯೆಟಿಯಾ. ಅದರಲ್ಲಿ 72 ದೆವ್ವಗಳ ಪಟ್ಟಿ ಇದೆ, ಸೀರ್ 70ನೆಯವನು. ಪೂರ್ವ ದಿಕ್ಕಿನ ರಾಜ ಅಮೈಮೊನ್ ಕೈಕೆಳಗಿನ ರಾಜಕುಮಾರ. ಅವನ ಕೈಕೆಳಗೆ 26 ದಂಡು. ನೋಡಲು ಸುಂದರ ಗಂಡಸು. ಹೋಗುವುದು, ಬರುವುದು, ಹೇಳಿದ್ದನ್ನು ಹೇಳಿದ ಕಡೆಗೆ ಹೊತ್ತು ಹಾಕುವುದು ಅವನ ಕೆಲಸ. ತೀರಾ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಕರೆದವರು ಹೇಳಿದ್ದನ್ನು ಮಾಡಿಕೊಡುತ್ತಾನೆ. ಬರೆದಿರುವುದೇ ಒಂದು ಪ್ಯಾರಾ. ಅವನನ್ನು ಕರೆಯಲು ಒಂಬತ್ತು ಅಡಿ ಅಗಲದ ಮಂಡಲ ಬೇಕು, ಅದರ ಹೊರಗೆ ಎರಡು ಅಡಿ ದೂರದಲ್ಲಿ ತ್ರಿಕೋನ ಬೇಕು, ತವರದಲ್ಲಿ ಮಾಡಿದ ಮುದ್ರೆ ಬೇಕು. ಅಷ್ಟು ಹೇಳುವ ಹೊತ್ತಿಗೆ ಎದುರಿಗಿದ್ದವರ ಕಣ್ಣು ದೊಡ್ಡದಾಗಿರುತ್ತದೆ. ತವರ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ.

ಹೋದ ವರ್ಷ ಒಬ್ಬರು ರಾತ್ರಿ ಹತ್ತೂವರೆಗೆ ಫೋನ್ ಮಾಡಿದರು. ಪರಿಚಯದವರ ಪರಿಚಯದವರು. ಅವರ ಹೊಲದ ಬದುವಿನಲ್ಲಿ ಹಳೇ ಕಲ್ಲೊಂದು ಇದೆಯಂತೆ. ಅದರ ಕೆಳಗೆ ಹಂಡೆ ಇದೆ ಅಂತ ಅವರ ತಾತ ಹೇಳುತ್ತಿದ್ದರಂತೆ. "ಮೇಡಂ, ಮಂತ್ರ ಒಂದು ವಾಟ್ಸಾಪ್ ಮಾಡಿ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ." ಆ ಮಿಕ್ಕಿದ್ದು ಏನು ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಅಮಾವಾಸ್ಯೆ, ಕುಂಬಳಕಾಯಿ, ಕೋಳಿ, ಹಾರೆ. ಕೋಳಿಗೇ ನಿಲ್ಲದ ಸುದ್ದಿಗಳನ್ನೂ ನಾವು ಪೇಪರಿನಲ್ಲಿ ಓದಿದ್ದೇವೆ. ವಾಮಾಚಾರ ತಡೆಯಲು 2017ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂದಾಗ ಅದರಲ್ಲಿ ನಿಧಿ ಹುಡುಕಾಟದ ಹೆಸರು ಎತ್ತಿದ್ದು ಸುಮ್ನೆ ಅಲ್ಲ. ಆಗಲ್ಲ ಅಂದೆ. "ನೀವು ಬಚ್ಚಿಟ್ಕೊಳ್ತಿದೀರಾ" ಅಂದು ಫೋನ್ ಇಟ್ಟರು.

ಬಚ್ಚಿಡಲು ಏನಿದೆ? ಆ ಪುಸ್ತಕ 1904ರಿಂದ ಅಚ್ಚಿನಲ್ಲಿದೆ. ಯಾರು ಬೇಕಾದರೂ ಓದಬಹುದು. ಓದಿ ಅಂತಲೇ ನಾನು ಹೇಳುವುದು. ಅದರಲ್ಲೇ ಒಂದು ಕಥೆ ಇದೆ. ಸೊಲೊಮನ್ ರಾಜ ಈ 72 ದೆವ್ವಗಳನ್ನೂ ಹಿತ್ತಾಳೆ ಪಾತ್ರೆಯಲ್ಲಿ ತುಂಬಿ, ಬಾಯಿ ಕಟ್ಟಿ, ಬಾಬಿಲೋನಿನ ಆಳವಾದ ಕೆರೆಗೆ ಎಸೆದ. ಅಲ್ಲಿಯ ಜನ ಅದನ್ನು ನೋಡಿದರು. ಒಳಗೆ ಬೇಕಾದಷ್ಟು ನಿಧಿ ಇರುತ್ತೆ ಅಂದುಕೊಂಡರು. ನೀರಿಗಿಳಿದು ಪಾತ್ರೆ ಒಡೆದರು. ದೆವ್ವಗಳೆಲ್ಲ ಹೊರಗೆ ಹಾರಿದವು. ನಿಧಿ ಹುಡುಕುವವರು ಬಿಡಿಸಿಕೊಟ್ಟ ದೆವ್ವವನ್ನೇ ನಿಧಿ ಹುಡುಕಲು ಕರೆಯಿರಿ ಅನ್ನುತ್ತದೆ ಆ ಪುಸ್ತಕ. ಅದನ್ನು ಓದಿದ ಮೇಲೂ ಹಾರೆ ಎತ್ತಿಕೊಳ್ಳುವವರಿಗೆ ಏನು ಹೇಳಲಿ?

ಜರ್ಮನಿಯ ಯೇನಾ ಊರಿನದ್ದನ್ನು ಹೇಳುತ್ತೇನೆ. ಅದು ಕಥೆ ಅಲ್ಲ, ನಡೆದದ್ದು. 1715ರ ಕ್ರಿಸ್‌ಮಸ್ ಹಿಂದಿನ ರಾತ್ರಿ. ಒಬ್ಬ ವಿದ್ಯಾರ್ಥಿ, ಇಬ್ಬರು ರೈತರು. ಊರ ಹೊರಗಿನ ದ್ರಾಕ್ಷಿತೋಟದ ಸಣ್ಣ ಗುಡಿಸಲಿಗೆ ಮಂತ್ರದ ಪುಸ್ತಕಗಳನ್ನು ತಗೊಂಡು ಹೋದರು. ದೆವ್ವವನ್ನು ಕರೆದು ದುಡ್ಡು ತರಿಸಬೇಕಿತ್ತು. ಕೊರೆಯುವ ಚಳಿ, ಅದಕ್ಕೆ ಇದ್ದಿಲ ಕೆಂಡ ಹಾಕಿಕೊಂಡರು, ಬಾಗಿಲು ಮುಚ್ಚಿಕೊಂಡರು. ಮಾರನೇ ದಿನ ಹೋಗಿ ನೋಡಿದರೆ ರೈತರಿಬ್ಬರೂ ಸತ್ತಿದ್ದರು. ವಿದ್ಯಾರ್ಥಿಗೆ ಪ್ರಜ್ಞೆ ಇರಲಿಲ್ಲ, ಹೇಗೋ ಉಳಿದ. ಹೆಣ ಕಾಯಲು ಆ ರಾತ್ರಿ ಅದೇ ಗುಡಿಸಲಲ್ಲಿ ಕಾವಲುಗಾರರನ್ನು ಬಿಟ್ಟರು. ಅವರಿಗೂ ಚಳಿ, ಅವರೂ ಕೆಂಡ ಹಾಕಿಕೊಂಡರು. ಅವರಲ್ಲೂ ಒಬ್ಬ ಸತ್ತ. ಇದು ಸೈತಾನನ ಕೆಲಸವೇ ಅಂತ ಎಷ್ಟೋ ಜನ ನಂಬಿದರು. ಹಾಲೆ ಊರಿನ ವೈದ್ಯ ಫ್ರೀಡ್ರಿಕ್ ಹಾಫ್‌ಮನ್ 1716ರಲ್ಲಿ ಬರೆದು ಪ್ರಕಟಿಸಿದರು. ಕೊಂದದ್ದು ದೆವ್ವ ಅಲ್ಲ, ಇದ್ದಿಲ ಹೊಗೆ ಅಂದರು. ಹಣ ಬೇಕಾಗಿದ್ದ ಬಡ ರೈತರು ಅವರು. ಮುಚ್ಚಿದ ಕೋಣೆಯಲ್ಲಿ ಕೆಂಡ ಹಾಕಿಕೊಂಡು ಮಲಗಬೇಡಿ ಅಂತ ಇವತ್ತೂ ಹೇಳಬೇಕಾಗಿದೆ ಅಲ್ವಾ. ಆ ಗುಡಿಸಲು ನೆನೆದರೆ ನನಗೆ ಸಂಕಟವಾಗುತ್ತದೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಇಂಥ ದೆವ್ವ ಯಾರಿಗೆ ಬೇಕಾಗಿತ್ತು?

ವೇಗದಿಂದ ಶುರುಮಾಡಿ. 1603ರ ಮಾರ್ಚಿನಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ತೀರಿಕೊಂಡಾಗ ರಾಬರ್ಟ್ ಕ್ಯಾರಿ ಅನ್ನುವವನು ಸುದ್ದಿ ಮುಟ್ಟಿಸಲು ಲಂಡನ್ ಕಡೆಯಿಂದ ಎಡಿನ್‌ಬರೋವರೆಗೆ ಕುದುರೆ ಓಡಿಸಿದ. ದಾರಿಯುದ್ದಕ್ಕೂ ಕುದುರೆ ಬದಲಾಯಿಸುತ್ತಾ ಮೂರನೇ ದಿನದ ರಾತ್ರಿ ಮುಟ್ಟಿದ. ದಾರಿಯಲ್ಲಿ ಬಿದ್ದ, ಕುದುರೆ ತಲೆಗೆ ಒದೆಯಿತು, ರಕ್ತ ಸುರಿಸಿಕೊಂಡೇ ಹೋದ. ರಾಜ್ಯದ ಅತಿ ದೊಡ್ಡ ಸುದ್ದಿಗೇ ಇಷ್ಟು ಪಾಡು. ಸಾಮಾನ್ಯರ ಕಾಗದಕ್ಕೆ, ಸಾಮಾನಿಗೆ ಎಷ್ಟು ದಿನ? ರೆಕ್ಕೆಯ ಕುದುರೆಯ ಆಸೆ ಅಲ್ಲಿಂದ ಹುಟ್ಟಿತು ಅಂತ ನನಗೆ ಅನಿಸುತ್ತದೆ.

ನಿಧಿಯ ಆಸೆಗೂ ಕಾರಣ ಇತ್ತು. ಬ್ಯಾಂಕ್ ಇರಲಿಲ್ಲ. ದುಡ್ಡನ್ನು ಮಡಕೆಯಲ್ಲಿಟ್ಟು ಹೂಳುವುದೇ ಭದ್ರ. ಹೂತವರು ಹೇಳದೆ ಸತ್ತರೆ ಮಡಕೆ ಅಲ್ಲೇ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಕಾಲಕ್ಕೆ ಈ ಹುಚ್ಚು ಎಷ್ಟಿತ್ತೆಂದರೆ, 1542ರ ಕಾಯ್ದೆಯಲ್ಲಿ ನಿಧಿಗಾಗಿಯೋ ಕಳೆದ ವಸ್ತುವಿಗಾಗಿಯೋ ದೆವ್ವ ಕರೆಯುವವರಿಗೆ ಮರಣದಂಡನೆ ಇಟ್ಟರು.

ಕಳೆದ ವಸ್ತು. ಇದೇ ನಾನು ಹೇಳಬೇಕೆಂದಿರುವುದು. ಸೀರ್ ಬಗ್ಗೆ ಬರೆದ ಆ ಪ್ಯಾರಾದಲ್ಲಿ ನಿಧಿಗಿಂತ ಮೊದಲು ಬರುವ ಮಾತು ಕಳವು. ಎಲ್ಲ ಥರದ ಕಳ್ಳತನದ ನಿಜ ಹೇಳುತ್ತಾನೆ, ಆಮೇಲೆ ಬಚ್ಚಿಟ್ಟ ನಿಧಿಯದ್ದು ಹೇಳುತ್ತಾನೆ ಅಂತಿದೆ. ಕೇಳುವವರ ಕಿವಿಗೆ ನಿಧಿ ಮಾತ್ರ ಬೀಳುತ್ತದೆ.

ಗೊಯೆಟಿಯಾಕ್ಕಿಂತ ಹಿಂದಿನ ಪಟ್ಟಿ ಒಂದಿದೆ. ಯೋಹಾನ್ ವೈಯರ್ ಅನ್ನುವ ವೈದ್ಯ 1577ರಲ್ಲಿ ಅಚ್ಚು ಹಾಕಿಸಿದ್ದು. ಮಾಟಗಾತಿಯರು ಅಂತ ಸುಡುತ್ತಿದ್ದ ಹೆಂಗಸರ ಪರವಾಗಿ, ಇವರಿಗೆ ಮನಸ್ಸಿನ ಕಾಯಿಲೆ, ಇವರನ್ನು ಕೊಲ್ಲಬೇಡಿ ಅಂತ ಬರೆದ ಮನುಷ್ಯ ಆತ. ಮಂತ್ರವಾದಿಗಳ ಬಂಡವಾಳ ಬಯಲು ಮಾಡಲು ಅವರದ್ದೇ ಪಟ್ಟಿಯನ್ನು ಅಚ್ಚು ಹಾಕಿಸಿದ. ಅದರಲ್ಲಿ ಸೀರ್ ಇಲ್ಲ. ವೈಯರ್ ಪಟ್ಟಿಯಲ್ಲಿ ಇಲ್ಲದ ನಾಲ್ಕು ದೆವ್ವಗಳು ಗೊಯೆಟಿಯಾದಲ್ಲಿವೆ. ವಸಾಗೊ ಕಳೆದದ್ದನ್ನು ಹುಡುಕುತ್ತಾನೆ. ಸೀರ್ ಕಳವಿನ ನಿಜ ಹೇಳುತ್ತಾನೆ. ಆಂಡ್ರೊಮಾಲಿಯಸ್ ಕಳ್ಳನನ್ನೂ ಮಾಲನ್ನೂ ತಂದು ನಿಲ್ಲಿಸುತ್ತಾನೆ. ದಾಂಟಾಲಿಯನ್ ಬೇರೆಯವರ ಮನಸ್ಸಿನಲ್ಲಿರುವುದನ್ನು ಹೇಳುತ್ತಾನೆ. ನಾಲ್ಕರಲ್ಲಿ ಮೂರು ಕಳೆದ ಸಾಮಾನಿಗೆ! ಮೊದಲ ಸಲ ಇದು ಕಣ್ಣಿಗೆ ಬಿದ್ದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಪೊಲೀಸ್ ಇಲ್ಲದ ಕಾಲ. ಒಂದು ಬೆಳ್ಳಿ ಚಮಚ ಹೋದರೂ ಹೋಗಿ ಕೇಳುವುದು ಊರಿನ ಮಂತ್ರ ಬಲ್ಲವನನ್ನೇ. ಅವನು ಜರಡಿಗೆ ಕತ್ತರಿ ಚುಚ್ಚಿ, ಇಬ್ಬರ ಬೆರಳ ಮೇಲೆ ನಿಲ್ಲಿಸಿ, ಅನುಮಾನ ಇದ್ದವರ ಹೆಸರು ಒಂದೊಂದಾಗಿ ಹೇಳುತ್ತಿದ್ದ. ಯಾರ ಹೆಸರಿಗೆ ಜರಡಿ ತಿರುಗಿತೋ ಅವರೇ ಕಳ್ಳರು.

ಇನ್ನೂ ಹಳೆಯದು ಹೇಳಲಾ? ಸಾಲ್ಸ್‌ಬರಿಯ ಜಾನ್ ಅನ್ನುವ ಪಂಡಿತ 1159ರಲ್ಲಿ ತನ್ನ ಚಿಕ್ಕಂದಿನದ್ದು ಬರೆದಿದ್ದಾನೆ. ಪಾಠ ಹೇಳುವ ಪಾದ್ರಿ ಅವನನ್ನೂ ಇನ್ನೊಬ್ಬ ಹುಡುಗನನ್ನೂ ಕೂರಿಸಿ, ಉಗುರಿಗೆ ಎಣ್ಣೆ ಸವರಿ, ಏನು ಕಾಣುತ್ತೆ ಹೇಳಿ ಅಂದನಂತೆ. ಇನ್ನೊಬ್ಬ ಮಂಜು ಮಂಜಾಗಿ ಏನೋ ಕಾಣುತ್ತೆ ಅಂದ. ಜಾನ್‌ಗೆ ಕಂಡದ್ದು ಬರೀ ಉಗುರು. ಇವನು ಕೆಲಸಕ್ಕೆ ಬರಲ್ಲ ಅಂತ ಮತ್ತೆ ಕರೆಯಲೇ ಇಲ್ಲ.

ನಮ್ಮಲ್ಲಿ ಇದಕ್ಕೆ ಅಂಜನ ಅಂತಾರೆ.

ನಮ್ಮ ದೊಡ್ಡಮ್ಮನ ಮನೆಯಲ್ಲಿ ಎರಡೆಳೆ ಸರ ಕಳೆಯಿತು. ಗೃಹಪ್ರವೇಶದ ಮಾರನೇ ದಿನ. ಬೀರು ಎಲ್ಲ ಹುಡುಕಿದರು. ಯಾರೋ ಅಂಜನ ಹಾಕುವವನನ್ನು ಕರೆತಂದರು. ವೀಳ್ಯದೆಲೆ ಮೇಲೆ ಕಪ್ಪು ಸವರಿ, ದೀಪ ಹಚ್ಚಿ, ನಮ್ಮ ಅಕ್ಕನ ಮಗನನ್ನು ಎದುರಿಗೆ ಕೂರಿಸಿದ. ಏಳು ವರ್ಷದ ಹುಡುಗ.

"ಏನು ಕಾಣ್ತಿದೆ ಪುಟ್ಟ?"

"ನನ್ನ ಮುಖ."

"ಸರಿಯಾಗಿ ನೋಡು. ಗಂಡಸಾ, ಹೆಂಗಸಾ?"

ಮೂರು ಸಲ ಕೇಳಿದ. ಹುಡುಗ ಅಳುವ ಹಾಗಾದ. ಎಲೆ ಬಿಟ್ಟು ತಲೆ ಎತ್ತಿದ. ಎದುರಿಗೆ ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿ ಕೆಲಸದಾಕೆ ಪಾತ್ರೆ ಉಜ್ಜುತ್ತಿದ್ದರು.

"ಹೆಂಗಸು," ಅಂದ.

"ಯಾವ ಬಣ್ಣದ ಸೀರೆ?"

"ಹಸಿರು."

ಆ ಕೋಣೆಯಲ್ಲಿ ನಾನೂ ಇದ್ದೆ. ಹುಡುಗನ ಕಣ್ಣು ಎಲ್ಲಿಗೆ ಹೋಯಿತು ಅಂತ ನೋಡಿದೆ. ಜಾನ್‌ನ ಉಗುರಿನ ವಿಷಯ ಆಗಲೇ ಓದಿದ್ದೆ. ಆದರೂ ಬಾಯಿ ಬಿಡಲಿಲ್ಲ. ಹಿರಿಯರು ಕೂತಿದ್ದಾರೆ, ನಾನೇನು ಹೇಳುವುದು ಅಂದುಕೊಂಡೆ. ಕೆಲಸದಾಕೆಯನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ನಾಳೆಯಿಂದ ಬರೋದು ಬೇಡ ಅಂದರು, ಅಷ್ಟೇ. ವಾರದೊಳಗೆ ಆ ಬೀದಿಯ ಇನ್ನೂ ಮೂರು ಮನೆಯವರು ಅದನ್ನೇ ಹೇಳಿದರು. ಆದ್ದರಿಂದ ದೆವ್ವ ನಿಜ ಹೇಳುತ್ತಾ ಅಂತ ಯಾರಾದರೂ ನಗುತ್ತಾ ಕೇಳಿದರೆ ನನಗೆ ನಗು ಬರುವುದಿಲ್ಲ. ದೆವ್ವ ಬರಲ್ಲ. ಯಾರದ್ದೋ ಹೆಸರು ಬರುತ್ತದೆ.

ಗೌರಿ ಹಬ್ಬಕ್ಕೆ ದೊಡ್ಡಮ್ಮ ರೇಷ್ಮೆ ಸೀರೆ ಬಿಚ್ಚಿದಾಗ ಸೆರಗಿನ ಜರಿಗೆ ಸಿಕ್ಕಿಕೊಂಡಿದ್ದ ಸರ ಕೆಳಗೆ ಬಿತ್ತು. ದೊಡ್ಡಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸಂಜೆ ಮೊರದ ಬಾಗಿನ ತಗೊಂಡು ಅವರೇ ಆಕೆಯ ಮನೆಗೆ ಹೋದರು. ಜೊತೆಗೆ ನಾನೂ ಹೋದೆ. ಆಕೆ ಕೈ ಒರೆಸಿಕೊಂಡು ಬಂದು, ಸೆರಗು ಹೊದ್ದು ಬಾಗಿನ ತಗೊಂಡರು. "ಸಿಕ್ತಲ್ಲಮ್ಮ, ಒಳ್ಳೇದಾಯ್ತು" ಅಂದರು. ನಾಳೆಯಿಂದ ಬಾ ಅಂತ ದೊಡ್ಡಮ್ಮ ಕರೆದರು.

"ಇಲ್ಲಮ್ಮ, ಗಾರ್ಮೆಂಟ್ಸಿಗೆ ಸೇರಿದೀನಿ. ಬೆಳಗ್ಗೆ ಏಳಕ್ಕೆಲ್ಲ ವ್ಯಾನ್ ಬರುತ್ತೆ."