ನೋಯಂಗಿಲ್ಲ ಅಂತ ಹೇಳಬಾರದಿತ್ತು

ಏಪ್ರಿಲ್ ರಜೆ ಶುರುವಾದ ಮೂರನೇ ದಿನಕ್ಕೇ ನನ್ನ ಮಗ ಕೈ ಮುರಿದುಕೊಂಡ. ಐದು ವರ್ಷ ಅವನಿಗೆ. ಪಕ್ಕದ ಮನೆ ಕಾಂಪೌಂಡ್ ಹತ್ತಿ ಮರಳಿನ ಗುಡ್ಡೆ ಮೇಲೆ ಹಾರೋ ಆಟ. ಗುಡ್ಡೆ ತಪ್ಪಿತು, ಕೈ ಊರಿ ಬಿದ್ದ. ಬಲಗೈ ಬೇರೆ.

ಅತ್ತೆ ಹೇಳಿದ್ದು ಒಂದೇ ಮಾತು: "ಊರಾಗ ಎಲುಬು ಕಟ್ಟವ ಅದಾನ, ಅಲ್ಲಿಗಿ ಒಯ್ರಿ." ನಾನು ಒಪ್ಪಲಿಲ್ಲ. ಎಕ್ಸ್‌ರೇ ಇಲ್ಲದೆ ಬಿದಿರು ಕಡ್ಡಿ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟವೇ ನಿಂತು ಕೈ ಕಳಕೊಳ್ಳೋದೂ ಉಂಟು. ಕಲಬುರಗಿಯಲ್ಲೇ ಇದ್ದುಕೊಂಡು ಡಾಕ್ಟರ್ ಇಲ್ಲ ಅನ್ನೋ ಹಾಗೂ ಇಲ್ಲವಲ್ಲ.

ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯ್ತು. ಒಣಗಿದ ತೊಗರಿ ಕಟ್ಟಿಗೆ ಪಟ್ ಅಂತ ಎರಡಾಗುತ್ತೆ. ಹಸಿ ಕಟ್ಟಿಗೆ ಬಾಗುತ್ತೆ, ಒಂದು ಕಡೆ ಮಾತ್ರ ಸೀಳುತ್ತೆ. ಸಣ್ಣ ಮಕ್ಕಳ ಎಲುಬೂ ಹಾಗೇ, ಇಂಗ್ಲಿಷಿನಲ್ಲಿ ಅದಕ್ಕೆ ಗ್ರೀನ್‌ಸ್ಟಿಕ್ ಅಂತಲೇ ಹೆಸರು.

ನಾನು ತಪ್ಪು ಮಾಡಿದ್ದು ಪ್ಲಾಸ್ಟರ್ ಹಾಕುವಾಗ. "ಏನೂ ನೋಯಂಗಿಲ್ಲ ಬಾ" ಅಂದುಬಿಟ್ಟೆ. ಕೈ ನೆಟ್ಟಗೆ ಮಾಡುವಾಗ ನೋಯ್ತು. ಆಮೇಲೆ ಒದ್ದೆ ಪಟ್ಟಿ ಸುತ್ತಿದ ಸ್ವಲ್ಪ ಹೊತ್ತಿಗೆ, "ಅವ್ವಾ, ಬಿಸಿ ಆಗಲಾಕತ್ತದ!" ಅಂತ ಚೀರಿದ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತೆ, ಅದು ಸಹಜ. ಆದರೆ ನನಗೇ ಗೊತ್ತಿರಲಿಲ್ಲ, ಅವನಿಗೆ ಯಾರು ಹೇಳಬೇಕು? ಮನೆಗೆ ಬರೋವಾಗ ಆಟೋದಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದ. "ನೀ ಸುಳ್ಳ ಹೇಳ್ದಿ." ಅಷ್ಟೇ. ಕೈಗಿಂತ ಜಾಸ್ತಿ ಅದೇ ನೋವಾಗಿತ್ತು ಅನಿಸುತ್ತೆ.

ಅವತ್ತಿಂದ ಎಲ್ಲ ಮೊದಲೇ ಹೇಳೋಕೆ ಶುರು ಮಾಡಿದೆ. ಪೂರ್ತಿ ಒಣಗೋಕೆ ಎರಡು ಮೂರು ದಿನ ಬೇಕು, ಅಲ್ಲಿವರೆಗೆ ಕೈ ದಿಂಬಿನ ಮೇಲೆ. ಮಲಗೋ ಮುಂಚೆ ಒಂದೊಂದು ಬೆರಳೂ ಅಲ್ಲಾಡಿಸಿ ನನಗೆ ಟಾಟಾ ಮಾಡಬೇಕು, ನಾನು ಉಗುರು ಒತ್ತಿ ಬಿಟ್ಟು ಕೆಂಪು ವಾಪಸ್ ಬರುತ್ತಾ ನೋಡ್ತೀನಿ. ಅವನಿಗೆ ಅದು ಆಟ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಜಾಸ್ತಿ ಆಗ್ತಾ ಹೋದರೆ ರಾತ್ರಿಯಾದರೂ ಓಡಿ ಬನ್ನಿ ಅಂದಿದ್ದರು ಡಾಕ್ಟರ್.

ತುರಿಕೆ ಮಾತ್ರ ಸಾಕುಬೇಕು ಮಾಡಿತು. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ವಾ, ನಲವತ್ತು ದಾಟುತ್ತೆ, ಒಳಗೆ ಬೆವರು. ಒಂದು ದಿನ ಪೆನ್ಸಿಲ್ ತುರುಕ್ತಾ ಸಿಕ್ಕಿಬಿದ್ದ. ಗಾಯವಾದರೆ ಒಳಗೇ ಕೀವಾಗುತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಹೇರ್ ಡ್ರೈಯರ್ ತಣ್ಣನೆ ಗಾಳಿಗೆ ಇಟ್ಟು ಪ್ಲಾಸ್ಟರಿನ ಬಾಯಿಂದ ಒಳಗೆ ಊದಿಸಿದೆ, ಮೇಲಿಂದ ಮೆಲ್ಲಗೆ ತಟ್ಟಿದೆ. ಸ್ವಲ್ಪ ಹೊತ್ತು ಕೆಲಸ ಮಾಡುತ್ತೆ.

ಇನ್ನೊಂದು ಜಗಳ ಊಟದ್ದು. ತುತ್ತು ಇಟ್ಟರೆ ಬೇಡ, ತಾನೇ ತಿನ್ನಬೇಕು. ಒಂದೇ ಕೈಲಿ ಜೋಳದ ರೊಟ್ಟಿ ಮುರಿಯೋಕಾಗುತ್ತಾ? ನಾನೇ ಮುರಿದು ಬೇಳೆಯಲ್ಲಿ ಹಿಚುಕಿ ಚಮಚ ಕೊಟ್ಟೆ. ಎಡಗೈಲಿ ತಿನ್ನೋದು ನೋಡಿ ಮನೆಗೆ ಬಂದ ನೆಂಟರೊಬ್ಬರು "ಎಡಗೈ ಬ್ಯಾಡ" ಅಂತ ಬೈದರು. ಪ್ಲಾಸ್ಟರ್ ಕಣ್ಣಿಗೆ ಕಾಣಲ್ವಾ ಅಂತ ನಾನೂ ಬೈದೆ. ಪಾಯಾ ಸೂಪ್, ಅಂದರೆ ಕುರಿ ಕಾಲಿನ ಸೂಪ್ ಕುಡಿಸಿ ಅಂತ ಹೇಳಿದವರು ಹತ್ತು ಜನ. ಇರಲಿ, ಅದರಿಂದ ನಷ್ಟವೇನಿಲ್ಲ.

ನಾಲ್ಕು ವಾರಕ್ಕೆ ಬಿಚ್ಚೋ ದಿನ ಬಂತು. ಈ ಸಲ ಮನೆಯಲ್ಲೇ ಹೇಳಿದೆ: "ಮಷಿನ್ ಸಪ್ಪಳ ಭಾಳ ಮಾಡ್ತದ. ಗುಳುಗುಳು ಅನಸ್ತದ, ಸ್ವಲ್ಪ ಬಿಸಿ ಆದ್ರೂ ಆಗ್ಬಹುದು." ಆ ಬ್ಲೇಡ್ ಸುತ್ತೋದಿಲ್ಲ, ಇದ್ದಲ್ಲೇ ಸಣ್ಣಗೆ ನಡುಗುತ್ತೆ. ಗಟ್ಟಿ ಪ್ಲಾಸ್ಟರ್ ಸೀಳುತ್ತೆ, ಮೆತ್ತಗಿನ ಚರ್ಮ ಅದರ ಜೊತೆಗೇ ಅಲ್ಲಾಡುತ್ತೆ. ಬಿಚ್ಚುವವರನ್ನು ಕೇಳಿ ಮೊದಲು ನನ್ನ ಅಂಗೈಗೆ ಮುಟ್ಟಿಸಿಕೊಂಡೆ. ಅವನು ಮಿಟುಕದೆ ನೋಡಿದ. ಆಮೇಲೆ ಕೈ ಕೊಟ್ಟ. ಅತ್ತ, ಆದರೆ ಕೈ ಹಿಂದಕ್ಕೆ ಎಳೆಯಲಿಲ್ಲ.

ಒಳಗಿನ ಕೈ ಸಣಕಲಾಗಿತ್ತು, ಸಿಪ್ಪೆ ಏಳ್ತಿತ್ತು, ವಾಸನೆ ಬೇರೆ. "ಇದು ನಂದಲ್ಲ" ಅಂದ. ಎರಡು ವಾರದಲ್ಲಿ ಸರಿಹೋಯ್ತು. ಪ್ಲಾಸ್ಟರ್ ಚಿಪ್ಪು ಈಗ ನಮ್ಮ ಕೂಲರ್ ಮೇಲಿದೆ. ಅತ್ತೆ ದಿನಾ ಹೊರಗ ಒಗಿ ಅಂತಾರೆ, ಅವನು ಬಿಡಲ್ಲ.